ಕಿಸೆಯೊಳಗೊಂದು ತಾಳಮದ್ದಲೆ

ಸಕಲೇಶಪುರ ಬಿಟ್ಟು ಸುಬ್ರಹ್ಮಣ್ಯ ರೋಡ್ ಕಡೆಗೆ ಘಟ್ಟ ಇಳಿಯುವ ರೈಲು 57 ಸುರಂಗಗಳನ್ನು ಹಾದುಹೋಗುತ್ತದೆ. ಆ ದಾರಿಯಲ್ಲಿ ಮೊಬೈಲ್ ಸಿಗ್ನಲನ್ನು ನಂಬಿ ತಾಳಮದ್ದಲೆ ಕೇಳಲು ಕೂತವರ ಪಾಡು ಎಲ್ಲರಿಗೂ ಗೊತ್ತು. ಕೃಷ್ಣ ಸಂಧಾನದ ಮಾತು ಎತ್ತಿರುತ್ತಾನೆ, ಕೌರವ ಉತ್ತರಕ್ಕೆ ಬಾಯಿ ತೆರೆದಿರುತ್ತಾನೆ, ಅಷ್ಟರಲ್ಲಿ ಪರದೆಯ ಮೇಲೆ ಚಕ್ರ ತಿರುಗತೊಡಗುತ್ತದೆ. ಅದೇ ಬೋಗಿಯಲ್ಲಿ, ಅದೇ ಪ್ರಸಂಗವನ್ನು ಹಿಂದಿನ ರಾತ್ರಿಯೇ ಫೈಲಾಗಿ ಇಳಿಸಿಕೊಂಡು ಬಂದವರಿಗೆ ಸುರಂಗ ಬಂದುಹೋದದ್ದೂ ತಿಳಿಯುವುದಿಲ್ಲ.

ಘಟ್ಟದ ರೈಲೊಂದೇ ಅಲ್ಲ. ಅಡಿಕೆ ಸುಲಿಯುವ ಅಂಗಳ, ಹಂದಿ ಕಾಯಲು ಗದ್ದೆಯಂಚಿನಲ್ಲಿ ಕಟ್ಟಿದ ಮಾಳ, ಕಾಫಿ ತೋಟದ ಕಣ, ಕೊಲ್ಲಿ ದೇಶಕ್ಕೆ ಹೊರಟ ವಿಮಾನ, ಹೀಗೆ ಕಿವಿಗೆ ಬಿಡುವು ಸಿಗುವ ಎಷ್ಟೋ ಕಡೆ ನೆಟ್‌ವರ್ಕ್ ಕೈಕೊಡುತ್ತದೆ. ಹತ್ತು ಹದಿನೈದು ವರ್ಷಗಳ ಹಿಂದೆ ಇದಕ್ಕೆ ಊರೂರಲ್ಲಿ ಒಂದು ಉಪಾಯವಿತ್ತು. ಪೇಟೆಯ ಮೊಬೈಲ್ ಅಂಗಡಿಗೆ ಹೋಗಿ ಮೆಮೊರಿ ಕಾರ್ಡಿಗೆ ಹಾಡು ಹಾಕಿಸಿಕೊಂಡು ಬರುತ್ತಿದ್ದರು. ಕಾಯ್ದೆಯ ಪ್ರಕಾರ ಆ ವ್ಯಾಪಾರ ಸರಿಯಿರಲಿಲ್ಲ, ನಿಜ. ಆದರೆ ಕೇಳುವುದನ್ನು ಕೈಯಲ್ಲೇ ಇಟ್ಟುಕೊಳ್ಳಬೇಕೆಂಬ ತಿಳಿವಳಿಕೆ ಆ ಜನಕ್ಕಿತ್ತು. ಡೇಟಾ ಅಗ್ಗವಾದ ಮೇಲೆ ಆ ತಿಳಿವಳಿಕೆಯೇ ಹೊರಟುಹೋಗುತ್ತಿದೆ. ಅದು ಹೋಗಬಾರದು, ಅದರಲ್ಲೂ ಕನ್ನಡದ ಮಾತು ಹಾಡುಗಳ ವಿಷಯದಲ್ಲಿ ಹೋಗಲೇಬಾರದು ಎಂದು ಹೇಳುವುದಕ್ಕೇ ಈ ಅಂಕಣ. ಹಕ್ಕಿನ ಅಡ್ಡಿ ಇಲ್ಲದ ಧ್ವನಿಯನ್ನು ಫೈಲಾಗಿ ಇಳಿಸಿಕೊಳ್ಳುವುದು ಹೇಗೆ, ಇಳಿಸಿದ್ದನ್ನು ಸಣ್ಣ ಸಾಧನಗಳಲ್ಲಿ ಸರಿಯಾಗಿ ಕೇಳುವುದು ಹೇಗೆ, ಎಲ್ಲಿ ಕೈ ಹಾಕಬಾರದು ಎಂಬುದನ್ನೂ ಹೇಳುತ್ತೇನೆ.

ಮೊದಲು ಒಂದು ಗೊಂದಲ ತೀರಲಿ. ಜಾಲತಾಣದಲ್ಲಿ ಧ್ವನಿ ಕೇಳುವಾಗಲೂ ಅದು ನಿಮ್ಮ ಫೋನಿಗೆ ಬಂದೇ ಬರುತ್ತದೆ. ಬಾರದೆ ಕಿವಿಗೆ ಕೇಳಿಸುವುದು ಸಾಧ್ಯವಿಲ್ಲ. ಸರಳವಾದ ತಾಣಗಳಲ್ಲಿ ಒಂದು ಎಂಪಿ3 ಫೈಲ್ ಇರುತ್ತದೆ. ನುಡಿಸುವ ಗುಂಡಿ ಒತ್ತಿದೊಡನೆ ಬ್ರೌಸರ್ ಅದನ್ನು ಮುಂದಿನಿಂದ ಸ್ವಲ್ಪ ಸ್ವಲ್ಪವಾಗಿ ತರಿಸಿಕೊಂಡು ನುಡಿಸುತ್ತದೆ, ಆಮೇಲೆ ಮರೆತುಬಿಡುತ್ತದೆ. ದೊಡ್ಡ ಸೇವೆಗಳು ಅದೇ ಧ್ವನಿಯನ್ನು ಕೆಲವೇ ಸೆಕೆಂಡುಗಳ ತುಂಡುಗಳಾಗಿ ಕತ್ತರಿಸಿ ಒಂದಾದ ಮೇಲೊಂದು ಕಳಿಸುತ್ತವೆ. ನೆಟ್‌ವರ್ಕ್ ಬಡವಾದರೆ ತೆಳ್ಳಗಿನ ತುಂಡು, ಗಟ್ಟಿಯಾದರೆ ದಪ್ಪ ತುಂಡು. ಹಾಗಾಗಿ ಒಂದೇ ಪ್ರಸಂಗವನ್ನು ದಿನಕ್ಕೊಮ್ಮೆಯಂತೆ ತಿಂಗಳು ಪೂರ್ತಿ ಕೇಳಿದರೆ ಅದೇ ಧ್ವನಿ ಮೂವತ್ತು ಸಲ ನಿಮ್ಮ ಡೇಟಾ ತಿಂದು ಬರಬಹುದು. ಇಳಿಸಿಕೊಂಡ ಫೈಲ್ ಒಂದೇ ಸಲ ಬರುತ್ತದೆ, ಬಂದು ಉಳಿಯುತ್ತದೆ.

ಆ್ಯಪುಗಳ ಒಳಗೂ ಡೌನ್‌ಲೋಡ್ ಗುಂಡಿ ಇದೆಯಲ್ಲ ಎಂದು ಕೇಳಬಹುದು. ಇದೆ. ಆದರೆ ಹಾಡಿನ ಆ್ಯಪಿನೊಳಗೆ ಇಳಿದದ್ದು ಬೀಗ ಹಾಕಿದ ಧ್ವನಿ. ಆ ಆ್ಯಪ್ ಮಾತ್ರ ಅದನ್ನು ತೆರೆಯಬಲ್ಲದು. ಸ್ಪಾಟಿಫೈನಲ್ಲಿ ಇಳಿಸಿಕೊಂಡ ಹಾಡು ಉಳಿಯಬೇಕಾದರೆ 30 ದಿನಕ್ಕೊಮ್ಮೆಯಾದರೂ ಅಂತರ್ಜಾಲಕ್ಕೆ ಬಂದು ಮುಖ ತೋರಿಸಬೇಕು. ಚಂದಾ ನಿಂತರೆ ಅದೂ ಹೋಯಿತು. ಆ ಹಾಡನ್ನು ಪೆನ್‌ಡ್ರೈವಿಗೆ ಹಾಕಿ ಕಾರಿನಲ್ಲಿ ಕೇಳಲು ಬರುವುದಿಲ್ಲ, ಅಮ್ಮನ ಕೀಪ್ಯಾಡ್ ಫೋನಿಗೆ ಕೊಡಲೂ ಬರುವುದಿಲ್ಲ. ಸೇವೆಯೇ ಬಾಗಿಲು ಹಾಕಿದರೆ? 2024ರ ಆಗಸ್ಟಿನಲ್ಲಿ ಏರ್‌ಟೆಲ್ ತನ್ನ ವಿಂಕ್ ಮ್ಯೂಸಿಕ್ ಆ್ಯಪನ್ನು ಮುಚ್ಚುವುದಾಗಿ ಹೇಳಿತು. ಅದೇ ವರ್ಷ ಗೂಗಲ್ ತನ್ನ ಪಾಡ್‌ಕಾಸ್ಟ್ ಆ್ಯಪನ್ನು ನಿಲ್ಲಿಸಿತು. ಅದರ ಹಿಂದೆ, 2020ರ ಕೊನೆಯಲ್ಲಿ, ಗೂಗಲ್ ಪ್ಲೇ ಮ್ಯೂಸಿಕ್ ಹೋಗಿತ್ತು. ಇವೆಲ್ಲ ಸಣ್ಣ ಕಂಪನಿಗಳ ಸೇವೆಗಳಲ್ಲ. ದೊಡ್ಡವರದ್ದೇ ಹೀಗಾದರೆ, ಊರಿನ ಆಸಕ್ತರೊಬ್ಬರು ಸ್ವಂತ ದುಡ್ಡಿನಲ್ಲಿ ನಡೆಸುವ ಯಕ್ಷಗಾನದ ತಾಣ ಎಷ್ಟು ದಿನ ಎಂದು ನಾವು ಧೈರ್ಯವಾಗಿ ಹೇಳಬಲ್ಲೆವು?

ಹಾಗಾದರೆ ಬೀಗವಿಲ್ಲದ ಫೈಲ್ ಎಲ್ಲಿ ಸಿಗುತ್ತದೆ? ನಾನು ಮೊದಲು ಕಳಿಸುವುದು ಇಂಟರ್‌ನೆಟ್ ಆರ್ಕೈವ್‌ಗೆ. 1996ರಲ್ಲಿ ಬ್ರೂಸ್ಟರ್ ಕೇಲ್ ಎಂಬವರು ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಕಟ್ಟಿದ, ಲಾಭಕ್ಕಲ್ಲದ ಡಿಜಿಟಲ್ ಗ್ರಂಥಾಲಯ ಅದು. ಹುಡುಕುವ ಜಾಗದಲ್ಲಿ ಕನ್ನಡದಲ್ಲಿ ಒಮ್ಮೆ, ಇಂಗ್ಲಿಷ್ ಅಕ್ಷರದಲ್ಲಿ ಒಮ್ಮೆ ಗಮಕ, ತಾಳಮದ್ದಲೆ, ಹರಿಕಥೆ, ದಾಸರ ಪದ ಎಂದೆಲ್ಲ ಬರೆದು ನೋಡಿ. ಆಸಕ್ತರು ತಾವೇ ಏರಿಸಿದ ಧ್ವನಿಗಳು ಸಿಗುತ್ತವೆ. ಪುಟದ ಬದಿಯಲ್ಲಿ ಡೌನ್‌ಲೋಡ್ ಆಯ್ಕೆಗಳ ಪಟ್ಟಿ ಇರುತ್ತದೆ. ಅದರಲ್ಲಿ ಎಂಪಿ3, ಆಗ್ ವೋರ್ಬಿಸ್, ಮೂಲ ಫೈಲ್ ಎಂದು ಹಲವು ಬಗೆ. ಸಾಧಾರಣ ಕೇಳುಗರು ಎಂಪಿ3 ಆರಿಸಿಕೊಳ್ಳಲಿ. ಒಂದೊಂದೇ ಭಾಗ ಬೇಕಾದರೆ ಒಂದೊಂದನ್ನೇ ಇಳಿಸಬಹುದು, ಇಡೀ ಸಂಗ್ರಹ ಬೇಕಾದರೆ ಒಟ್ಟಿಗೆ ಜಿಪ್ ಆಗಿ ತರಬಹುದು. ಒಂದೇ ಎಚ್ಚರಿಕೆ: ಅಲ್ಲಿ ಯಾರು ಬೇಕಾದರೂ ಏನು ಬೇಕಾದರೂ ಏರಿಸಬಹುದಾದ್ದರಿಂದ, ಇದೆ ಎಂದ ಮಾತ್ರಕ್ಕೆ ಹಕ್ಕು ಮುಕ್ತವಾಗಿದೆ ಎಂದು ತಿಳಿಯಬಾರದು.

ಇಂಗ್ಲಿಷ್ ಪುಸ್ತಕಗಳನ್ನು ಕೇಳುವವರಿಗೆ ಲಿಬ್ರಿವಾಕ್ಸ್ ಇದೆ. 2005ರಲ್ಲಿ ಹ್ಯೂ ಮೆಗ್ವಾಯರ್ ಆರಂಭಿಸಿದ ಈ ಯೋಜನೆಯಲ್ಲಿ ಹಕ್ಕಿನ ಅವಧಿ ಮುಗಿದ ಪುಸ್ತಕಗಳನ್ನು ಸ್ವಯಂಸೇವಕರು ಓದಿ, ಓದಿದ್ದನ್ನೂ ಸಾರ್ವಜನಿಕರಿಗೇ ಬಿಟ್ಟುಕೊಡುತ್ತಾರೆ. ಕನ್ನಡದ ದನಿಗಳು ಅಲ್ಲಿ ಹೆಚ್ಚಬೇಕು. ಸುದ್ದಿ ಬೇಕಾದವರಿಗೆ ಆಕಾಶವಾಣಿಯ ಸುದ್ದಿ ತಾಣದಲ್ಲಿ ಪ್ರದೇಶ ಸಮಾಚಾರದ ಧ್ವನಿ ಸಿಗುತ್ತದೆ.

ಸಾದಾ ತಾಣದಲ್ಲಿ ಧ್ವನಿಯ ಪಟ್ಟಿ ಕಂಡರೆ ಮಾಡಬೇಕಾದ್ದು ಸುಲಭ. ಕಂಪ್ಯೂಟರಿನಲ್ಲಿ ಕೊಂಡಿಯ ಮೇಲೆ ಮೌಸಿನ ಬಲಗುಂಡಿ ಒತ್ತಿ ಉಳಿಸುವ ಆಯ್ಕೆ ಆರಿಸಿ. ಫೋನಿನ ಕ್ರೋಮ್‌ನಲ್ಲಿ ಕೊಂಡಿಯನ್ನು ಒತ್ತಿ ಹಿಡಿದರೆ ಅದೇ ಆಯ್ಕೆ ಬರುತ್ತದೆ; ನುಡಿಯುವ ಪಟ್ಟಿಯ ತುದಿಯಲ್ಲಿ ಮೂರು ಚುಕ್ಕಿ ಕಂಡರೆ ಅದರೊಳಗೂ ಡೌನ್‌ಲೋಡ್ ಇರುತ್ತದೆ. ಇಳಿದದ್ದು ಆಂಡ್ರಾಯ್ಡ್‌ನಲ್ಲಿ ಡೌನ್‌ಲೋಡ್ ಎಂಬ ಫೋಲ್ಡರಿಗೆ ಹೋಗುತ್ತದೆ. ಐಫೋನಿನವರು ಇಳಿಸಿದ್ದನ್ನು ಮ್ಯೂಸಿಕ್ ಆ್ಯಪಿನಲ್ಲಿ ಹುಡುಕಿ ಸಿಗದೆ ಕೈಚೆಲ್ಲುತ್ತಾರೆ. ಸಫಾರಿ ಇಳಿಸಿದ್ದು ಇರುವುದು ಫೈಲ್ಸ್ ಆ್ಯಪಿನಲ್ಲಿ.

ಪಾಡ್‌ಕಾಸ್ಟಿನ ವಿಷಯವನ್ನು ಸ್ವಲ್ಪ ನಿಂತು ಹೇಳಬೇಕು. ಇಳಿಸಿಕೊಂಡು ಕೇಳುವುದಕ್ಕೆಂದೇ ಹುಟ್ಟಿದ ಮಾಧ್ಯಮ ಅದೊಂದೇ, ಮತ್ತು ಆ ಗುಣವನ್ನೇ ಈಗ ಜನ ಮರೆತಿದ್ದಾರೆ. 2000ದ ಕೊನೆಯ ಹೊತ್ತಿಗೆ ಡೇವ್ ವೈನರ್ ಎಂಬ ಅಮೆರಿಕದ ತಂತ್ರಜ್ಞರು, ತಾಣಗಳ ಹೊಸ ಬರಹಗಳ ಸುದ್ದಿ ಮುಟ್ಟಿಸುವ ಆರ್‌ಎಸ್‌ಎಸ್ ಎಂಬ ಪಟ್ಟಿಗೆ ಒಂದು ಹೊಸ ಸಾಲು ಸೇರಿಸಿದರು. ಬರಹದ ಜೊತೆಗೆ ಒಂದು ಧ್ವನಿ ಫೈಲಿನ ವಿಳಾಸವನ್ನೂ ಆ ಸಾಲಿನಲ್ಲಿ ಕೊಡಬಹುದಿತ್ತು. ಆಗಿನ ಅಂತರ್ಜಾಲ ಎಷ್ಟು ನಿಧಾನವೆಂದರೆ ಗುಂಡಿ ಒತ್ತಿದೊಡನೆ ಧ್ವನಿ ಕೇಳುವ ಆಸೆಯನ್ನೇ ಇಟ್ಟುಕೊಳ್ಳುವಂತಿರಲಿಲ್ಲ. ಹಾಗಾಗಿ ರಾತ್ರಿ ಕಂಪ್ಯೂಟರ್ ತಾನಾಗಿ ಆ ಪಟ್ಟಿ ನೋಡಿ ಹೊಸ ಫೈಲನ್ನು ಇಳಿಸಿಡುವುದು, ಬೆಳಗ್ಗೆ ಎದ್ದವರು ಅದನ್ನು ಕಿಸೆಯ ಪ್ಲೇಯರಿಗೆ ತುಂಬಿಕೊಂಡು ಹೊರಡುವುದು, ಇದು ಲೆಕ್ಕಾಚಾರ. 2001ರ ಅಕ್ಟೋಬರಿನಲ್ಲಿ ಆ್ಯಪಲ್‌ನ ಐಪಾಡ್ ಬಂತು. 2004ರ ಫೆಬ್ರವರಿಯಲ್ಲಿ ಬೆನ್ ಹ್ಯಾಮರ್ಸ್ಲಿ ಬ್ರಿಟನ್ನಿನ ಗಾರ್ಡಿಯನ್ ಪತ್ರಿಕೆಯಲ್ಲಿ ಪಾಡ್‌ಕಾಸ್ಟಿಂಗ್ ಎಂಬ ಹೆಸರನ್ನು ಬಳಸಿದರು. 2005ರ ಜೂನಿನಲ್ಲಿ ಐಟ್ಯೂನ್ಸ್ ಒಳಗೇ ಪಾಡ್‌ಕಾಸ್ಟ್ ಸೇರಿತು.

ಇಷ್ಟು ಹಳೆಯ ಏರ್ಪಾಡು ಇಂದಿಗೂ ಹಾಗೇ ಕೆಲಸ ಮಾಡುತ್ತಿದೆ. ಆರ್‌ಎಸ್‌ಎಸ್ ಪಟ್ಟಿಗೆ ಯಾವ ಕಂಪನಿಯೂ ಯಜಮಾನನಲ್ಲ. ಆಂಟೆನಾಪಾಡ್ ಎಂಬ ಉಚಿತ, ಮುಕ್ತ ತಂತ್ರಾಂಶದ ಆ್ಯಪ್ ಹಾಕಿಕೊಂಡು ತಲೆ-ಹರಟೆಯಂಥ ಕನ್ನಡ ಪಾಡ್‌ಕಾಸ್ಟಿಗೆ ಚಂದಾದಾರರಾದರೆ, ಮನೆಯ ವೈಫೈ ಸಿಕ್ಕಾಗ ಮಾತ್ರ ಹೊಸ ಕಂತು ಇಳಿಸು ಎಂದು ಅದಕ್ಕೆ ಹೇಳಿಡಬಹುದು. ಬೆಳಗ್ಗೆ ಹೊಲಕ್ಕೋ ಆಫೀಸಿಗೋ ಹೊರಡುವ ಹೊತ್ತಿಗೆ ಕಂತು ಫೋನಿನಲ್ಲಿ ಕೂತಿರುತ್ತದೆ. ನಾಳೆ ಆ ಆ್ಯಪ್ ನಿಂತರೂ ನಿಮ್ಮ ಚಂದಾ ಪಟ್ಟಿಯನ್ನು ಒಂದು ಸಣ್ಣ ಫೈಲಾಗಿ ಹೊರತೆಗೆದು ಬೇರೆ ಆ್ಯಪಿಗೆ ಕೊಡಬಹುದು. ಗೂಗಲ್ ತನ್ನ ಪಾಡ್‌ಕಾಸ್ಟ್ ಆ್ಯಪನ್ನು ನಿಲ್ಲಿಸಿದಾಗ ಕೇಳುಗರು ಹೆಚ್ಚು ನಷ್ಟವಿಲ್ಲದೆ ದಾಟಿಕೊಂಡದ್ದು ಹೀಗೆ. ಇದಕ್ಕಿಂತ ಕೇಳುಗರ ಪರವಾದ ಏರ್ಪಾಡನ್ನು ನಾನು ಅಂತರ್ಜಾಲದಲ್ಲಿ ಕಂಡಿಲ್ಲ.

ಇನ್ನು ಫೈಲಿನ ಗಾತ್ರ. ಇಲ್ಲಿ ಸ್ವಲ್ಪ ಲೆಕ್ಕ ಬೇಕು, ಆದರೆ ತಿಳಿದುಕೊಂಡರೆ ಮತ್ತೆ ಮೋಸ ಹೋಗುವುದಿಲ್ಲ.

ಸಿ.ಡಿ.ಯಲ್ಲಿ ಧ್ವನಿಯನ್ನು ಸೆಕೆಂಡಿಗೆ 44,100 ಸಲ ಅಳೆದು ಬರೆದಿರುತ್ತಾರೆ, ಎಡ ಬಲ ಎರಡೂ ಕಿವಿಗೆ ಬೇರೆ ಬೇರೆಯಾಗಿ. ಒಂದು ಗಂಟೆಗೆ ಸುಮಾರು 635 ಎಂ.ಬಿ. ಆಗುತ್ತದೆ. ಜರ್ಮನಿಯ ಎರ್ಲಾಂಗನ್ನಿನ ಫ್ರೌನ್‌ಹೋಫರ್ ಸಂಸ್ಥೆಯಲ್ಲಿ ಕಾರ್ಲ್‌ಹೈನ್ಸ್ ಬ್ರಾಂಡನ್‌ಬುರ್ಗ್ ಮತ್ತು ಸಂಗಡಿಗರು ಇದನ್ನು ಹಿಂಡಿ ಸಣ್ಣದು ಮಾಡಲು ವರ್ಷಗಟ್ಟಲೆ ದುಡಿದರು. ಅವರು ಹಿಡಿದ ದಾರಿ ಕಿವಿಯ ಸ್ವಭಾವದ್ದು. ಗಟ್ಟಿಯಾದ ಒಂದು ಸ್ವರ ಕೇಳುತ್ತಿರುವಾಗ ಅದರ ಪಕ್ಕದ ಮೆಲ್ಲಗಿನ ಸ್ವರ ನಮಗೆ ಕೇಳಿಸುವುದೇ ಇಲ್ಲ. ಜೋರಾದ ಪೆಟ್ಟೊಂದು ಬಿದ್ದ ಮರುಕ್ಷಣ ಕಿವಿ ಅರೆಗಳಿಗೆ ಮಂಕಾಗುತ್ತದೆ. ಕೇಳಿಸದ್ದನ್ನು ಬರೆದಿಡುವುದೇಕೆ? ಅದನ್ನು ಬಿಟ್ಟುಬಿಡುತ್ತದೆ ಎಂಪಿ3. 1995ರ ಜುಲೈ 14ರಂದು ಆ ಸಂಸ್ಥೆಯವರು ಫೈಲಿನ ಬಾಲಕ್ಕೆ ಎಂಪಿ3 ಎಂಬ ಹೆಸರು ನಿಶ್ಚಯಿಸಿದರು. 2017ರ ಏಪ್ರಿಲಿನಲ್ಲಿ ಅದರ ಪೇಟೆಂಟ್ ಪರವಾನಗಿ ವ್ಯವಹಾರ ಮುಗಿಯಿತು. ಎಂಪಿ3 ಹಳೆಯದಾಯಿತು ಎನ್ನುವವರಿದ್ದಾರೆ. ಆದರೆ ಸಂತೆಯಲ್ಲಿ ಸಿಗುವ ಅಗ್ಗದ ಸ್ಪೀಕರಿನಿಂದ ಹಿಡಿದು ಹೊಸ ಕಾರಿನವರೆಗೆ ಎಲ್ಲದರಲ್ಲೂ ನುಡಿಯುವುದು ಅದೇ. ಒಯ್ದು ಕೇಳುವ ಸಾಧನಕ್ಕೆ ನನ್ನ ಆಯ್ಕೆ ಈಗಲೂ ಅದೇ.

128 ಕಿಲೋಬಿಟ್‌ನ ಎಂಪಿ3 ಗಂಟೆಗೆ ಸುಮಾರು 58 ಎಂ.ಬಿ., 64ರದ್ದು 29 ಎಂ.ಬಿ. 1998ರಲ್ಲಿ ಕೊರಿಯದ ಸೇಹಾನ್ ಕಂಪನಿ ಮಾರುಕಟ್ಟೆಗೆ ತಂದ ಎಂಪಿಮ್ಯಾನ್ ಎಂಬ ಮೊದಲ ಕಿಸೆ ಸಾಧನದ ಹೊಟ್ಟೆ 32 ಎಂ.ಬಿ., ಹೆಚ್ಚೆಂದರೆ ಅರ್ಧ ಗಂಟೆಯ ಹಾಡು. ಇವತ್ತು 32 ಜಿ.ಬಿ.ಯ ಒಂದು ಮೆಮೊರಿ ಕಾರ್ಡಿಗೆ 64 ಕಿಲೋಬಿಟ್‌ನ ಮಾತು ಸಾವಿರ ಗಂಟೆಗೂ ಮಿಕ್ಕಿ ಹಿಡಿಯುತ್ತದೆ. ಮಳೆಗಾಲದ ಕೂಟಗಳು, ಇಡೀ ಕುಮಾರವ್ಯಾಸ ಭಾರತದ ವಾಚನ, ಅದರ ಮೇಲೆ ವ್ಯಾಖ್ಯಾನ, ಎಲ್ಲ ಉಗುರಿನಗಲದ ತುಂಡಿನಲ್ಲಿ.

ಎಷ್ಟು ಕಿಲೋಬಿಟ್ ಬೇಕು ಎನ್ನುವುದು ಏನನ್ನು ಕೇಳುತ್ತೀರಿ ಎನ್ನುವುದಕ್ಕೆ ಬಿಟ್ಟದ್ದು. ಬರಿ ಮಾತಿಗೆ, ಅಂದರೆ ಉಪನ್ಯಾಸ, ಸಂದರ್ಶನ, ಕಥೆ ಓದುವುದಕ್ಕೆ, ಒಂದೇ ಚಾನೆಲಿನ 64 ಧಾರಾಳವಾಯಿತು. ತಾಳಮದ್ದಲೆಗೆ ಹಾಗಲ್ಲ. ಅರ್ಥಧಾರಿಯ ಮಾತಿಗೆ 64 ಸಾಕು. ಭಾಗವತರು ಪದ ಎತ್ತಿ ಚೆಂಡೆಗೆ ಪೆಟ್ಟು ಬೀಳುತ್ತಿದ್ದಂತೆ ಅದು ಸಾಲದು. ಚೆಂಡೆಯ ಪೆಟ್ಟು, ಚಕ್ರತಾಳದ ಕಿಂಕಿಣಿ ಥಟ್ಟನೆ ಹುಟ್ಟುವ ಸದ್ದುಗಳು. ಕಡಮೆ ಕಿಲೋಬಿಟ್‌ನಲ್ಲಿ ಎಂಪಿ3 ಅವುಗಳ ಮೊನೆಯನ್ನು ಮಸುಕು ಮಾಡುತ್ತದೆ, ಪೆಟ್ಟಿಗೆ ಮುಂಚೆಯೇ ಒಂದು ಬಗೆಯ ಬಿರುಸು ಕೇಳಿಸುತ್ತದೆ. ಹಾಗಾಗಿ ತಾಳಮದ್ದಲೆಗೆ 128, ಸಂಗೀತ ಕಛೇರಿಗೆ 192 ಅಥವಾ ಅದಕ್ಕೂ ಮೇಲೆ ಎಂದು ಇಟ್ಟುಕೊಳ್ಳಿ. ಸಣ್ಣ ಫೈಲನ್ನು 320ಕ್ಕೆ ಏರಿಸಿಕೊಡುತ್ತೇವೆ ಎನ್ನುವ ತಾಣಗಳ ಮಾತಿಗೆ ಮರುಳಾಗಬೇಡಿ. ಒಮ್ಮೆ ಬಿಟ್ಟುಹೋದ ಧ್ವನಿ ಮರಳಿ ಬಾರದು, ಫೈಲ್ ದಪ್ಪವಾಗುವುದಷ್ಟೇ. ಎಂಪಿ3ಯನ್ನು ಮತ್ತೆ ಎಂಪಿ3 ಮಾಡಿದರೂ ಪ್ರತಿ ಸಲ ಒಂದಿಷ್ಟು ಹೋಗುತ್ತದೆ. ಆದ್ದರಿಂದ ಇಳಿಸಿದ ಮೂಲವನ್ನು ಕಂಪ್ಯೂಟರಿನಲ್ಲೋ ಹಾರ್ಡ್‌ಡಿಸ್ಕಿನಲ್ಲೋ ಹಾಗೇ ಇಟ್ಟು, ಸಾಧನಕ್ಕೆ ಬೇಕಾದ ಸಣ್ಣ ಪ್ರತಿಯನ್ನು ಅದರಿಂದ ಮಾಡಿಕೊಳ್ಳಿ. ವಾಟ್ಸ್ಆ್ಯಪಿನಲ್ಲಿ ಬರುವ ಧ್ವನಿ ಸಂದೇಶಗಳು ಓಪಸ್ ಎಂಬ ಬೇರೆ ಬಗೆಯವು. 2012ರಲ್ಲಿ ಮಾನದಂಡವಾದ ಈ ಬಗೆ ಮಾತಿಗೆ ಎಂಪಿ3ಗಿಂತ ಬಹಳ ಮೇಲು, ಅರ್ಧಕ್ಕಿಂತ ಕಡಮೆ ಜಾಗದಲ್ಲಿ ಮಾತು ನಿಚ್ಚಳವಾಗಿ ಕೇಳುತ್ತದೆ. ಆದರೆ ಹಳೆಯ ಸಾಧನಗಳಿಗೆ ಅದು ಅರ್ಥವಾಗುವುದಿಲ್ಲ; ಅವಕ್ಕೆ ಎಂಪಿ3ಗೆ ಬದಲಿಸಿಯೇ ಕೊಡಬೇಕು.

ಈಗ ಸಾಧನದ ಕಿರಿಕಿರಿಗಳು. ಮನೆಯ ಹಿರಿಯರಿಗೆ ಒಂದು ಸಣ್ಣ ಪ್ಲೇಯರನ್ನೋ, ಪೆನ್‌ಡ್ರೈವ್ ಹಿಡಿಯುವ ಕಾರವಾನಿನಂಥ ಹಾಡಿನ ಪೆಟ್ಟಿಗೆಯನ್ನೋ ತಂದುಕೊಡುವವರು ಎಡವುವುದು ಇಲ್ಲೇ.

ಮೊದಲನೆಯದು ಕಾರ್ಡ್. 64 ಜಿ.ಬಿ. ಅಥವಾ ಅದಕ್ಕೂ ದೊಡ್ಡ ಕಾರ್ಡುಗಳು ಅಂಗಡಿಯಿಂದ ಬರುವಾಗ ಎಕ್ಸ್‌ಫ್ಯಾಟ್ ಎಂಬ ವಿಧಾನದಲ್ಲಿ ಸಜ್ಜಾಗಿರುತ್ತವೆ. ಅಗ್ಗದ ಪ್ಲೇಯರುಗಳೂ ಹಳೆಯ ಕಾರುಗಳೂ ಅದನ್ನು ಓದುವುದಿಲ್ಲ, ಕಾರ್ಡ್ ಕೆಟ್ಟಿದೆ ಎಂದುಬಿಡುತ್ತವೆ. 32 ಜಿ.ಬಿ. ಕಾರ್ಡ್ ಫ್ಯಾಟ್32 ವಿಧಾನದ್ದು, ಹೆಚ್ಚುಕಡಮೆ ಎಲ್ಲೆಡೆ ನಡೆಯುತ್ತದೆ. ದೊಡ್ಡದು ಬೇಡ, ಅದನ್ನೇ ಕೊಳ್ಳಿ.

ಎರಡನೆಯದು ಸರದಿ. ಮೊದಲ ಭಾಗವಾದ ಮೇಲೆ ಐದನೆಯದು, ಆಮೇಲೆ ಎರಡನೆಯದು ನುಡಿದರೆ ಕಥೆ ಕೇಳುವವರ ಗತಿಯೇನು? ಎಷ್ಟೋ ಸಣ್ಣ ಪ್ಲೇಯರುಗಳು ಹೆಸರಿನ ಅಕಾರಾದಿ ನೋಡುವುದೇ ಇಲ್ಲ. ಪಂಕ್ತಿಯಲ್ಲಿ ಮೊದಲು ಕೂತವರಿಗೆ ಮೊದಲು ಬಡಿಸಿದ ಹಾಗೆ, ಕಾರ್ಡಿಗೆ ಮೊದಲು ನಕಲಾದ ಫೈಲನ್ನು ಮೊದಲು ನುಡಿಸುತ್ತವೆ. ಫೈಲುಗಳ ಹೆಸರಿನ ಮೊದಲಿಗೆ 01, 02, 03 ಎಂದು ಎರಡಂಕಿಯಲ್ಲಿ ಬರೆದು, ಕಾರ್ಡನ್ನು ಖಾಲಿ ಮಾಡಿ, ಅದೇ ಸರದಿಯಲ್ಲಿ ನಕಲು ಮಾಡಿದರೆ ಎರಡೂ ಬಗೆಯ ಪ್ಲೇಯರುಗಳು ಸರಿಹೋಗುತ್ತವೆ. ಬರೀ 1, 2 ಎಂದು ಬರೆದರೆ ಹೆಸರು ನೋಡುವ ಪ್ಲೇಯರುಗಳಲ್ಲಿ 1ರ ಬೆನ್ನಿಗೆ 10 ಬಂದು ಕೂರುತ್ತದೆ.

ಮೂರನೆಯದು ಕನ್ನಡದ ಹೆಸರು. ಎಂಪಿ3 ಫೈಲಿನೊಳಗೆ ಹಾಡಿನ ಹೆಸರು, ಕಲಾವಿದರ ಹೆಸರು ಬರೆಯಲು ಐಡಿ3 ಎಂಬ ಚೀಟಿಯಿದೆ. 1996ರ ಅದರ ಮೊದಲ ರೂಪದಲ್ಲಿ ಇಡೀ ಚೀಟಿಗೆ 128 ಬೈಟ್, ಶೀರ್ಷಿಕೆಗೆ 30 ಬೈಟ್. ಯೂನಿಕೋಡಿನ ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ 3 ಬೈಟ್ ಬೇಕು, ಒತ್ತಕ್ಷರವಾದರೆ ಇನ್ನೂ ಹೆಚ್ಚು. ಆ ಚೀಟಿಯಲ್ಲಿ ಕನ್ನಡಕ್ಕೆ ಜಾಗವೇ ಇರಲಿಲ್ಲ. ಮುಂದಿನ ರೂಪಗಳಲ್ಲಿ ಯೂನಿಕೋಡ್ ಬಂತು, ಕನ್ನಡದಲ್ಲಿ ಉದ್ದಕ್ಕೆ ಬರೆಯಬಹುದಾಯಿತು. ಫೋನಿನಲ್ಲಿ ಅದು ಸರಿಯಾಗಿ ಕಾಣುತ್ತದೆ. ಅಗ್ಗದ ಪ್ಲೇಯರಿನಲ್ಲಿ ಕನ್ನಡದ ಅಕ್ಷರರೂಪವೇ ಇಲ್ಲದ್ದರಿಂದ ಸಾಲಾಗಿ ಚೌಕಗಳು ಕಾಣುತ್ತವೆ. ಫೈಲಿನ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಚಿಕ್ಕದಾಗಿ ಇಟ್ಟು, ಒಳಗಿನ ಚೀಟಿಯಲ್ಲಿ ಕನ್ನಡವನ್ನು ವಿವರವಾಗಿ ತುಂಬಿ. ಪ್ಲೇಯರಿಗೆ ಕಾಣದಿದ್ದರೂ ಮಾಹಿತಿ ಫೈಲಿನ ಜೊತೆಗೇ ಉಳಿಯುತ್ತದೆ.

ಮೂರು ಗಂಟೆಯ ಒಂದೇ ಫೈಲ್ ಇದ್ದು, ಪ್ಲೇಯರಿಗೆ ನಿಲ್ಲಿಸಿದ ಜಾಗ ನೆನಪಿರದಿದ್ದರೆ ಪ್ರತಿ ಸಲ ಸಭಾವಂದನೆಯಿಂದ ಶುರು ಮಾಡಬೇಕಾಗುತ್ತದೆ. ಫೋನಿನಲ್ಲಾದರೆ ವಿಎಲ್‌ಸಿಯಂಥ ಆ್ಯಪ್ ನಿಲ್ಲಿಸಿದ ಜಾಗವನ್ನು ನೆನಪಿಡುತ್ತದೆ. ಸಣ್ಣ ಪ್ಲೇಯರಿಗಾದರೆ ಕಂಪ್ಯೂಟರಿನಲ್ಲಿ ಎಂಪಿ3 ಡೈರೆಕ್ಟ್‌ಕಟ್ ಎಂಬ ಉಚಿತ ತಂತ್ರಾಂಶದಿಂದ ಅರ್ಧರ್ಧ ಗಂಟೆಯ ತುಂಡು ಮಾಡಿ. ಅದು ಧ್ವನಿಯನ್ನು ಮತ್ತೆ ಹಿಂಡುವುದಿಲ್ಲ, ಇದ್ದದ್ದನ್ನು ಇದ್ದಂತೆ ಕತ್ತರಿಸುತ್ತದೆ.

ಕಾಯ್ದೆಯ ಮಾತಿಗೆ ಬರೋಣ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೆಯ ಕಲಮು ಖಾಸಗಿ ಅಥವಾ ಸ್ವಂತ ಬಳಕೆಗೆ, ಸಂಶೋಧನೆಗೆ ನ್ಯಾಯವಾದ ಮಿತಿಯೊಳಗೆ ಕೃತಿಯನ್ನು ಬಳಸಿಕೊಳ್ಳಲು ಅವಕಾಶ ಕೊಡುತ್ತದೆ. 2012ರ ತಿದ್ದುಪಡಿಯಿಂದ ಧ್ವನಿಮುದ್ರಿಕೆಯೂ ಅದರೊಳಗೆ ಬಂತು. ಹಾಗೆಂದು ಎಲ್ಲಿಂದ ಬೇಕಾದರೂ ಏನು ಬೇಕಾದರೂ ಇಳಿಸಬಹುದು ಎಂದು ಅರ್ಥವಲ್ಲ. ಅದೇ ತಿದ್ದುಪಡಿ ಸೇರಿಸಿದ 65ಎ ಕಲಮಿನ ಪ್ರಕಾರ ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ತಾಂತ್ರಿಕ ಬೀಗ ಒಡೆಯುವುದು ಎರಡು ವರ್ಷದವರೆಗೆ ಸೆರೆವಾಸಕ್ಕೂ ದಂಡಕ್ಕೂ ದಾರಿಯಾಗುವ ಅಪರಾಧ. ತಾಣಗಳ ಒಪ್ಪಂದ ಬೇರೆ ಇದೆ. ಯೂಟ್ಯೂಬ್ ತಾನು ಗುಂಡಿ ಕೊಟ್ಟ ಕಡೆ ಹೊರತು ಇಳಿಸಿಕೊಳ್ಳಬೇಡಿ ಎಂದು ನಿಯಮದಲ್ಲೇ ಹೇಳಿದೆ. ಯೂಟ್ಯೂಬಿನಿಂದ ಎಂಪಿ3 ಮಾಡಿಕೊಡುವ ತಾಣಗಳನ್ನು ನಾನು ಸೂಚಿಸುವುದಿಲ್ಲ. ನಿಯಮದ ಮಾತು ಹಾಗಿರಲಿ, ಆ ಪುಟಗಳಲ್ಲಿ ನಾಲ್ಕು ಸುಳ್ಳು ಡೌನ್‌ಲೋಡ್ ಗುಂಡಿಗಳ ನಡುವೆ ಒಂದು ನಿಜದ್ದು ಅಡಗಿರುತ್ತದೆ. ಹಾಡು ಕೇಳಿದ್ದಕ್ಕೆ ಎಪಿಕೆ ಅಥವಾ ಇಎಕ್ಸ್ಇ ಎಂದು ಕೊನೆಯಾಗುವ ಫೈಲ್ ಇಳಿದರೆ ತೆರೆಯದೆ ಅಳಿಸಿ. ಹಾಡು ಎಂದಿಗೂ ಆ ಹೆಸರಿನಲ್ಲಿ ಬರುವುದಿಲ್ಲ.

ಹಳೆಯದೆಲ್ಲ ಮುಕ್ತ ಎಂಬ ತಪ್ಪು ತಿಳಿವಳಿಕೆಯೂ ಇದೆ. ಭಾರತದಲ್ಲಿ ಧ್ವನಿಮುದ್ರಿಕೆಯ ಹಕ್ಕು ಪ್ರಕಟವಾದ ವರ್ಷ ಮುಗಿದ ಮೇಲೆ 60 ವರ್ಷ. ಎಂದರೆ 1964 ಮತ್ತು ಅದಕ್ಕೂ ಹಿಂದಿನ ಮುದ್ರಿಕೆಗಳ ಅವಧಿ ತೀರಿದೆ. ಆದರೆ ಅದರೊಳಗಿನ ಹಾಡಿನ ಸಾಹಿತ್ಯಕ್ಕೆ ಕವಿ ತೀರಿಕೊಂಡ ಮೇಲೆ 60 ವರ್ಷ, ರಾಗ ಹಾಕಿದವರಿಗೂ ಹಾಗೆಯೇ. ಕುಮಾರವ್ಯಾಸನ ಕಾವ್ಯಕ್ಕೆ ಯಾರ ಹಕ್ಕೂ ಇಲ್ಲ. ಅದನ್ನು ಇವತ್ತು ರಾಗವಾಗಿ ವಾಚಿಸಿದ ಗಮಕಿಗೆ ಪ್ರದರ್ಶಕರ ಹಕ್ಕು 50 ವರ್ಷ ಇದೆ. ತಾಳಮದ್ದಲೆಯ ಅರ್ಥಧಾರಿ ಆ ಕ್ಷಣಕ್ಕೆ ಕಟ್ಟಿದ ಮಾತು ಅವರದೇ ಸೃಷ್ಟಿ. ಕಿಸೆಯಲ್ಲಿಟ್ಟು ಕೇಳುವುದು ಒಂದು, ಊರಿಗೆಲ್ಲ ಹಂಚುವುದು ಇನ್ನೊಂದು, ಮಾರುವುದು ಮತ್ತೊಂದು. ಕಲಾವಿದರು ಬದುಕಿದ್ದರೆ, ದುಡ್ಡು ಕೊಟ್ಟು ಕೊಳ್ಳುವ ದಾರಿ ಇದ್ದರೆ, ಕೊಂಡೇ ಕೇಳಬೇಕು. ಮೈಲ್ಯಾಂಗ್‌ನಂಥ ಕನ್ನಡದ ಆ್ಯಪುಗಳು ಕೇಳುಪುಸ್ತಕಗಳನ್ನು ಮಾರುತ್ತಿವೆ. ಅವುಗಳ ಲೇಖಕರಿಗೂ ಓದಿದ ದನಿಗಳಿಗೂ ಆ ಹಣ ಬೇಕು.

ಕಣ್ಣು ಕಾಣದವರ ವಿಷಯದಲ್ಲಿ ಕಾಯ್ದೆ ಉದಾರವಾಗಿದೆ, ಹಾಗಿರುವುದೇ ಸರಿ. 2012ರ ತಿದ್ದುಪಡಿಯಂತೆ ಅಂಗವಿಕಲರು ಬಳಸಬಲ್ಲ ರೂಪಕ್ಕೆ ಪುಸ್ತಕವನ್ನು ಬದಲಿಸಲು ಹಕ್ಕುದಾರರ ಅಪ್ಪಣೆ ಬೇಕಿಲ್ಲ. ಅಂಧರಿಗಾಗಿ ರೂಪಿಸಿದ ಮರಾಕೇಶ್ ಒಪ್ಪಂದವನ್ನು 2014ರಲ್ಲಿ ಅನುಮೋದಿಸಿದ ಮೊದಲ ದೇಶ ಭಾರತ. ಬೆಂಗಳೂರಿನ ಮಿತ್ರಜ್ಯೋತಿ ಸಂಸ್ಥೆ 1990ರಿಂದ ಕೆಲಸ ಮಾಡುತ್ತಿದ್ದು ಧ್ವನಿ ಪುಸ್ತಕಗಳ ಗ್ರಂಥಾಲಯ ನಡೆಸುತ್ತಿದೆ. 2016ರಲ್ಲಿ ಆರಂಭವಾದ ಸುಗಮ್ಯ ಪುಸ್ತಕಾಲಯ ಎಂಬ ಆನ್‌ಲೈನ್ ಗ್ರಂಥಾಲಯದಿಂದ ಸದಸ್ಯರು ಪುಸ್ತಕ ಇಳಿಸಿಕೊಳ್ಳಬಹುದು. ಇಲ್ಲಿ ಬಳಕೆಯಲ್ಲಿರುವ ಡೈಸಿ ಎಂಬ ಬಗೆಯ ಫೈಲಿನಲ್ಲಿ ಅಧ್ಯಾಯದಿಂದ ಅಧ್ಯಾಯಕ್ಕೆ, ಪುಟದಿಂದ ಪುಟಕ್ಕೆ ಹಾರಬಹುದು, ಗುರುತು ಇಟ್ಟುಕೊಳ್ಳಬಹುದು. ಸಾದಾ ಎಂಪಿ3ಗೆ ಇಲ್ಲದ ಗುಣ ಇದು. ನಿಮ್ಮ ಊರಿನಲ್ಲಿ ಕಣ್ಣು ಕಾಣದ ವಿದ್ಯಾರ್ಥಿಯಿದ್ದರೆ ಈ ಎರಡು ಹೆಸರುಗಳನ್ನು ದಯವಿಟ್ಟು ತಲುಪಿಸಿ.

ಇಷ್ಟೆಲ್ಲ ತಾಪತ್ರಯ ಯಾಕೆ ಎಂಬ ಪ್ರಶ್ನೆಗೆ ಉತ್ತರ ನಮ್ಮ ಕರಾವಳಿಯಲ್ಲಿದೆ. ಬಡಗುತಿಟ್ಟಿನ ಭಾಗವತ ಕಾಳಿಂಗ ನಾವಡರು 1990ರಲ್ಲಿ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡರು. ಅವರು ಹೋದ ಮೇಲೆ ಹುಟ್ಟಿದ ಹುಡುಗರೂ ಇವತ್ತು ಅವರ ದನಿಯನ್ನು ಗುರುತಿಸುತ್ತಾರೆ, ಅವರ ಪದಗಳನ್ನು ಅವರ ಧಾಟಿಯಲ್ಲೇ ಗುನುಗುತ್ತಾರೆ. ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥಗಾರಿಕೆಯನ್ನು ನೇರವಾಗಿ ಕೇಳದವರು ಅದರ ಮೇಲೆ ಚರ್ಚೆ ಮಾಡುತ್ತಾರೆ. ಇದಕ್ಕೆ ಕಾರಣ ಕ್ಯಾಸೆಟ್ಟುಗಳು. ಕಂಪನಿಗಳು ಹೊರತಂದವು ಕೆಲವು. ಚೌಕಿಯ ಪಕ್ಕದಲ್ಲಿ, ದೇವಸ್ಥಾನದ ಹಜಾರದಲ್ಲಿ ಟೇಪ್ ರೆಕಾರ್ಡರ್ ಇಟ್ಟುಕೊಂಡು ಕೂತ ಅಭಿಮಾನಿಗಳು ಹಿಡಿದಿಟ್ಟವು ಇನ್ನು ಕೆಲವು. ಹೀಗೆ ಒಬ್ಬೊಬ್ಬರ ಮನೆಯ ಕಪಾಟಿನಲ್ಲಿದ್ದ ಪ್ರತಿಗಳೇ ಮುಂದೆ ಎಂಪಿ3 ಆಗಿ ಜಾಲತಾಣಕ್ಕೆ ಏರಿದವು. ಮೈಸೂರಿನಲ್ಲಿ 1935ರಲ್ಲಿ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ಅವರು ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಆರಂಭಿಸಿದರು. ಆ ಕಾಲದಿಂದ ಕನ್ನಡದ ಗಾಳಿಯಲ್ಲಿ ಎಷ್ಟೋ ದೊಡ್ಡವರು ಮಾತಾಡಿದ್ದಾರೆ, ಹಾಡಿದ್ದಾರೆ. ಯಾರೋ ಒಬ್ಬರು ಹಿಡಿದಿಟ್ಟದ್ದಷ್ಟೇ ನಮಗೆ ದಕ್ಕಿದೆ.

ಇಳಿಸಿಕೊಂಡವರ ಮೇಲೂ ಹೊಣೆಯಿದೆ. ಹೆಸರಿಲ್ಲದ ಫೈಲ್ ಅರ್ಧ ಸತ್ತ ಫೈಲ್. ಪ್ರಸಂಗ ಯಾವುದು, ಭಾಗವತರು ಯಾರು, ಮದ್ದಲೆ ಚೆಂಡೆಯಲ್ಲಿ ಯಾರು, ಯಾವ ಪಾತ್ರಕ್ಕೆ ಯಾರ ಅರ್ಥ, ಯಾವ ಊರು, ಯಾವ ವರ್ಷ, ಯಾವ ತಾಣದಿಂದ ಬಂತು, ಇವಿಷ್ಟನ್ನು ಫೈಲಿನ ಚೀಟಿಯಲ್ಲಿ ಬರೆದಿಡಿ. ಮೆಮೊರಿ ಕಾರ್ಡುಗಳು ಹೇಳದೆ ಕೇಳದೆ ಸಾಯುತ್ತವೆ. ಒಂದು ಪ್ರತಿ ಬೇರೆಡೆ ಇರಲಿ.

ಕೊನೆಯ ಮಾತು ಕನ್ನಡದ ಧ್ವನಿಗಳನ್ನು ಜಾಲತಾಣಕ್ಕೆ ಏರಿಸುವವರಿಗೆ. ಯಕ್ಷಗಾನ ಸಂಘಗಳಿಗೆ, ಗಮಕ ಕಲಾ ಪರಿಷತ್ತಿನವರಿಗೆ, ಅಕಾಡೆಮಿಗಳಿಗೆ, ವಿಶ್ವವಿದ್ಯಾಲಯಗಳಿಗೆ, ಮೈಸೂರು, ಧಾರವಾಡ, ಬೆಂಗಳೂರು, ಮಂಗಳೂರು ಆಕಾಶವಾಣಿಯವರಿಗೆ. ನಿಮ್ಮ ಭಂಡಾರದಲ್ಲಿ ಇರುವುದನ್ನು ವಿಡಿಯೋ ಚಾನೆಲಿಗೆ ಏರಿಸಿ ಕೈತೊಳೆದುಕೊಳ್ಳಬೇಡಿ. ಕಲಾವಿದರ, ಅವರ ಮನೆಯವರ ಒಪ್ಪಿಗೆ ಪಡೆದು, ಕೊಡಬೇಕಾದ ಸಂಭಾವನೆ ಕೊಟ್ಟು, ಧ್ವನಿಯನ್ನು ಬೀಗವಿಲ್ಲದ ಎಂಪಿ3 ಆಗಿ, ಪೂರ್ತಿ ವಿವರದ ಜೊತೆಗೆ, ಆರ್‌ಎಸ್‌ಎಸ್ ಪಟ್ಟಿಯ ಸಮೇತ ಒದಗಿಸಿ. ಯಾವ ಷರತ್ತಿನ ಮೇಲೆ ಇಳಿಸಿಕೊಳ್ಳಬಹುದು ಎಂಬುದನ್ನು ಪುಟದ ಮೇಲೆ ಕನ್ನಡದಲ್ಲೇ ಬರೆಯಿರಿ. ಪ್ರತಿ ಧ್ವನಿಯ ಪಕ್ಕದಲ್ಲೂ ಇಳಿಸಿಕೊಳ್ಳುವ ಒಂದು ಗುಂಡಿ ಇಡಿ.